ಎಲ್ಲರಿಗೂ ಕಾಣುವ ಜೇಬು

ಮನೆಯ ಕೆಳಗೇ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯಿತ್ತು. ಬೆಳಗಾದರೆ ಅಲ್ಲಿಂದ ಹಬೆ ಏಳುತ್ತಿತ್ತು. ಮೆಟ್ಟಿಲ ಸಂದಿಯಿಂದ ಒಂದಿಷ್ಟು, ಕಿಟಕಿಯಿಂದ ಒಂದಿಷ್ಟು ಒಳಗೆ ಬಂದು, ಮೇಲಿನ ಕೋಣೆಗಳಲ್ಲಿ ಅಡ್ಡಾಡಿ, ಯಾರಿಗೂ ಹೇಳದೆ ಹೊರಟುಹೋಗುತ್ತಿತ್ತು. ಹೊಸದಾಗಿ ಬಂದವರು ಬೆಂಕಿ ಬಿದ್ದಿದೆಯೆಂದು ಗಾಬರಿಯಾಗುತ್ತಿದ್ದರು. ಆ ಮನೆಯ ಸೊಸೆಗೆ ಮಾತ್ರ ಅದೆಂದರೆ ಇಷ್ಟ. ಮಧ್ಯಾಹ್ನ ಕಿಟಕಿಯ ಬಳಿ ಕೊಕ್ಕೆಸೂಜಿ ಹಿಡಿದು ಕೂತರೆ, ಬಿಳಿ ದಾರ ಎಲ್ಲಿ ಮುಗಿಯಿತು, ಹಬೆ ಎಲ್ಲಿ ಶುರುವಾಯಿತು ಎನ್ನುವುದೇ ಅವಳಿಗೆ ತಿಳಿಯುತ್ತಿರಲಿಲ್ಲ.

ದಾರದಲ್ಲಿ ಅವಳ ಕೈ ಅಂಥದ್ದು. ಮದುವೆಯಾಗಿ ಬಂದ ಹೊಸತರಲ್ಲೇ ಮನೆಯವರು ಅವಳಿಗೆ ಕುಸುರಿ ಎಂದು ಹೆಸರಿಟ್ಟುಬಿಟ್ಟಿದ್ದರು. ಅವಳು ಹೆಣೆದದ್ದನ್ನು ಮಾರುತ್ತಿರಲಿಲ್ಲ. ಹೇಗೆ ಹೆಣೆಯಬೇಕೆಂಬ ನಮೂನೆಗಳನ್ನು ಬರೆದು ಅಂತರ್ಜಾಲದಲ್ಲಿ ಮಾರುತ್ತಿದ್ದಳು. ಕೊಳ್ಳುವವರೆಲ್ಲ ಎಲ್ಲೆಲ್ಲಿಯೋ ಇರುವ ಹೆಂಗಸರು. ಅವರು ಕಳಿಸುವ ಚಿಲ್ಲರೆ ಮೊತ್ತ ಬ್ಯಾಂಕಿನ ದಾರಿ ಹಿಡಿದರೆ ಅರ್ಧದಲ್ಲೇ ಶುಲ್ಕಕ್ಕೆ ಸವೆದುಹೋಗುತ್ತಿತ್ತು. ಅದಕ್ಕೇ ಅವಳು ಡಿಜಿಟಲ್ ನಾಣ್ಯದಲ್ಲಿ ತೆಗೆದುಕೊಳ್ಳುವುದನ್ನು ಕಲಿತಳು. ಫೋನಿನಲ್ಲೊಂದು ವಾಲೆಟ್, ಆ ವಾಲೆಟ್ಟಿಗೊಂದು ವಿಳಾಸ. ವಿಳಾಸವೆಂದರೆ ಅಕ್ಷರ, ಅಂಕಿಗಳ ಉದ್ದನೆಯ ಸಾಲು, ಅಷ್ಟೇ. ಅದರಲ್ಲಿ ಅವಳ ಹೆಸರಿಲ್ಲ, ಊರಿಲ್ಲ, ಗಂಡನ ಹೆಸರಿಲ್ಲ. ಹೆಸರೇ ಇಲ್ಲದ್ದನ್ನು ಯಾರು ತಾನೇ ಗುರುತು ಹಿಡಿದಾರು ಎಂದು ನೆಮ್ಮದಿಯಾಗಿದ್ದಳು.

ಆ ನೆಮ್ಮದಿ ಒಂದು ಭಾನುವಾರ ಊಟದ ಹೊತ್ತಿಗೆ ಹಾರಿಹೋಯಿತು.

ಮೈದುನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಂಗಡಿಗೆ ಬಂದ ಗಿರಾಕಿಯೊಬ್ಬಳಿಗೆ ಅತ್ತಿಗೆಯ ನಮೂನೆಯೊಂದನ್ನು ಮಾರಿಸಿಕೊಟ್ಟು, ದುಡ್ಡು ಹಾಕಿಸಲು ವಿಳಾಸ ಕೇಳಿದ್ದ. ಕುಸುರಿ ಕೊಟ್ಟಿದ್ದಳು.

"ಅತ್ತಿಗೆ, ನೀವು ಇಷ್ಟು ದೊಡ್ಡ ಕುಳ ಅಂತ ನಂಗೆ ಗೊತ್ತೇ ಇರ್ಲಿಲ್ಲ ನೋಡಿ," ಎಂದ ಆಲೂಗಡ್ಡೆ ಬಡಿಸಿಕೊಳ್ಳುತ್ತ.

"ಯಾರು ಕುಳ?" ಎಂದರು ಅತ್ತೆ. ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು ಅವರು. ನಾಲ್ಕು ಜನಕ್ಕೆ ಅಡುಗೆ ಮಾಡಿದರೂ ನಲವತ್ತು ಜನಕ್ಕೆ ಬಡಿಸುವ ಸೌಟೇ ಕೈಯಲ್ಲಿರುತ್ತಿತ್ತು.

"ನಿನ್ನ ಸೊಸೆ ಅಮ್ಮ. ಅವರ ಹತ್ರ ಇರೋ ದುಡ್ಡಲ್ಲಿ ನಮ್ಮ ಚಾವಣಿ ಪೂರ್ತಿ ಹೊಸದು ಮಾಡಿಸಬಹುದು."

ಕುಸುರಿಯ ಕೈ ತಟ್ಟೆಯ ಮೇಲೆ ನಿಂತಿತು. "ನನ್ನ ಫೋನ್ ಮುಟ್ಟಿದ್ಯಾ?"

"ಯಾಕ್ ಮುಟ್ಲಿ? ವಿಳಾಸ ಕೊಟ್ರಲ್ಲ, ಅಷ್ಟು ಸಾಕು. ಅದನ್ನ ಒಂದು ಸೈಟಲ್ಲಿ ಹಾಕಿದ್ರೆ ಮೊದಲನೇ ದಿನದಿಂದ ಎಷ್ಟು ಬಂತು, ಎಷ್ಟು ಹೋಯ್ತು, ಎಲ್ಲಾ ತೋರಿಸುತ್ತೆ. ಇದೇನು ಕಳ್ಳತನ ಅಲ್ಲ, ಯಾರು ಬೇಕಾದ್ರೂ ನೋಡಬಹುದು. ಜೇಬು ನಿಮ್ದೇ, ಆದ್ರೆ ಎಲ್ಲರಿಗೂ ಕಾಣೋ ಜೇಬು."

ಗಂಡ ಸಿಟಿ ಬಸ್ಸಿನ ಡ್ರೈವರ್. ವಾರಪೂರ್ತಿ ಹಾರ್ನು ಕೇಳಿ ಸಾಕಾಗಿ ಭಾನುವಾರ ಮನೆಯ ಮಾತೂ ಅವನ ಕಿವಿಗೆ ಬೀಳುತ್ತಿರಲಿಲ್ಲ. ಅವನು ಅನ್ನ ಕಲೆಸುತ್ತಲೇ ಇದ್ದ.

"ಅದೇನೋ ತಿಂಗಳಾ ತಿಂಗಳಾ ಒಂದೇ ಕಡೆ ಹೋಗ್ತಾ ಇದ್ಯಲ್ಲ ಅತ್ತಿಗೆ, ಯಾರದು?"

"ದಾರದವರಿಗೆ," ಎಂದಳು ಕುಸುರಿ. ಸುಳ್ಳು ಎಷ್ಟು ಬೇಗ ಬಾಯಿಗೆ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು.

ಅತ್ತೆ ಸೌಟನ್ನು ಪಾತ್ರೆಯೊಳಗೆ ಬಿಟ್ಟರು. "ದಾರಕ್ಕೋ, ತವರಿಗೋ?"

"ದಾರಕ್ಕೇ ಅತ್ತೆ."

ದುಡ್ಡು ಹೋಗುತ್ತಿದ್ದುದು ದಾರಕ್ಕೂ ಅಲ್ಲ, ತವರಿಗೂ ಅಲ್ಲ. ಅದು ಹೋಗುತ್ತಿದ್ದುದು ಗಿಲಕಿಗೆ.

ಗಿಲಕಿ ಈ ಮನೆಯ ಮಗಳು, ಕುಸುರಿಯ ನಾದಿನಿ. ತೊಟ್ಟಿಲಲ್ಲಿದ್ದಾಗಿನಿಂದ ಬಾಯಿ ಮುಚ್ಚದವಳೆಂದು ಆ ಹೆಸರು. ಕನ್ನಡಕದ ಅಂಗಡಿಯವನನ್ನು ಮದುವೆಯಾದ ಮೇಲೆ ಬರಬರುತ್ತ ಅವಳ ಸದ್ದು ಇಳಿಯಿತು. ಒಂದು ಸಲ ಬಂದವಳು ತಾಯಿಯ ಮುಂದೆ ತೋಳು ಚಾಚಿ ಕಪ್ಪಗಾದ ಜಾಗ ತೋರಿಸಿದಳು. "ಎಲ್ಲೋ ತಗಲಿಸ್ಕೊಂಡಿರ್ತೀಯ," ಎಂದರು ತಾಯಿ. "ಗಟ್ಟಿಯಾಗಿ ಕೆಮ್ಮೋದೂ ಇಲ್ಲ ಆ ಮನುಷ್ಯ. ಅವರ ಮೇಲೆ ಹೇಳ್ತೀಯಲ್ಲ!" ಆಮೇಲೊಂದು ದಿನ ತಾಯಿ ಮನೆಯಲ್ಲಿಲ್ಲದ ಹೊತ್ತು ನೋಡಿ ಬಂದು, ಅತ್ತಿಗೆಯ ಮಡಿಲಲ್ಲಿ ತಲೆಯಿಟ್ಟು ಸ್ವಲ್ಪ ಹೊತ್ತು ಮಲಗಿ, ಎದ್ದು ಮುಖ ತೊಳೆದುಕೊಂಡು ಬಸ್ಸು ಹತ್ತಿಬಿಟ್ಟಳು. ಈಗ ದೂರದ ಕಡಲೂರಿನಲ್ಲಿ ಮೀನಿನ ಬಲೆ ರಿಪೇರಿ ಮಾಡುತ್ತಿದ್ದಳು. ಹಳೆಯ ಫೋನ್ ನಂಬರ್ ಬಿಟ್ಟಿದ್ದಳು. ನಮೂನೆ ಮಾರುವ ತಾಣದಲ್ಲಿ ಗಿರಾಕಿಯ ಹಾಗೆ ಬಂದು ಕುಸುರಿಗೊಂದು ಸಾಲು ಬರೆಯುತ್ತಿದ್ದಳು: "ಚೆನ್ನಾಗಿದ್ದೀನಿ. ಇವತ್ತು ಸಮುದ್ರ ಹಾಲಿನ ಹಾಗಿತ್ತು."

ಅವಳ ಗಂಡ, ಕನ್ನಡಕದ ಅಂಗಡಿಯವನು, ಹೆಂಡತಿ ಬಿಟ್ಟುಹೋದರೂ ಅತ್ತೆಯ ಮನೆ ಬಿಡದ ಅಳಿಯ. ಪ್ರತಿ ಭಾನುವಾರ ಸಂಜೆ ಹಣ್ಣಿನ ಚೀಲ ಹಿಡಿದು ಬರುತ್ತಿದ್ದ. ಬೂಟು ಬಿಚ್ಚಿ ಗೋಡೆಗೆ ನೇರವಾಗಿ ಜೋಡಿಸಿ, ಕುರ್ಚಿಯ ತುದಿಯಲ್ಲಿ ಕೂತು, ಟೀ ಕುಡಿದು, "ಏನಾದ್ರೂ ಸುದ್ದಿ ಬಂತಾ ಅತ್ತೆ?" ಎಂದು ಮೆಲ್ಲಗೆ ಕೇಳಿ ಹೋಗುತ್ತಿದ್ದ. ಅವನು ಹೋದ ಮೇಲೆ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. "ಇಂಥವರನ್ನ ಬಿಟ್ಟು ಹೋದ್ಲಲ್ಲ!"

ಆ ಭಾನುವಾರವೂ ಬಂದ. ಕುಸುರಿ ಒಳಗೆ ಟೀ ಸೋಸುತ್ತಿದ್ದಾಗ ಹೊರಗೆ ಅತ್ತೆಯ ದನಿ ಕೇಳುತ್ತಿತ್ತು.

"ಏನ್ ಹೇಳ್ಲಿ ಅಳಿಯಂದ್ರೇ, ನಮ್ಮನೇಲೇ ಬ್ಯಾಂಕಿದೆ, ನಮಗೇ ಗೊತ್ತಿಲ್ಲ. ತಿಂಗಳಾ ತಿಂಗಳಾ ಯಾರಿಗೋ ಸುರೀತಾಳಂತೆ. ಕೇಳಿದ್ರೆ ದಾರ ಅಂತಾಳೆ."

"ಹೌದಾ?" ಎಂದ ಅವನು.

ಮಾರನೆಯ ದಿನದಿಂದ ಮನೆಯ ಗಾಳಿಯೇ ಬದಲಾಯಿತು. ಮೀನಿನ ದೊಡ್ಡ ತುಂಡು ತಾನಾಗಿ ಕುಸುರಿಯ ತಟ್ಟೆಗೆ ಬಂದು ಬೀಳತೊಡಗಿತು. ಅತ್ತೆ ಊಟದ ನಡುವೆ ತಲೆಯೆತ್ತಿ ಚಾವಣಿಯನ್ನೇ ನೋಡುತ್ತ ಕೂರುತ್ತಿದ್ದರು.

"ಅತ್ತೆ, ಅನ್ನ ಆರ್ತಾ ಇದೆ."

"ಆರ್ಲಿ ಬಿಡಮ್ಮ. ಮೇಲಿಂದ ನೀರು ಸೋರಿದ್ರೆ ಹೇಗೂ ಅನ್ನ ಗಂಜಿ ಆಗುತ್ತೆ."

ಮೈದುನನಿಗೆ ಇದ್ದಕ್ಕಿದ್ದಂತೆ ಹೊಸ ಸ್ಕೂಟರಿನ ಆಸೆ ಹುಟ್ಟಿತು. ಗಂಡ ಮಾತ್ರ ಏನೂ ಕೇಳಲಿಲ್ಲ. ಕುಸುರಿಗೆ ದಿನವೆಲ್ಲ ಕನಸಿನಲ್ಲಿ ನಡೆದಂತಾಗುತ್ತಿತ್ತು. ಬೀದಿಗೆ ಹೋದರೆ ಜನರೆಲ್ಲ ತನ್ನ ಬಟ್ಟೆಯ ಮೂಲಕ ಜೇಬಿನ ತಳದ ಚಿಲ್ಲರೆ ಎಣಿಸುತ್ತಿದ್ದಾರೆ. ತರಕಾರಿಯವನು ಸೌತೆಕಾಯಿ ಕೊಡುತ್ತ, "ನಿಮಗೇನಮ್ಮ, ಕೊಡಬಹುದು," ಅನ್ನುತ್ತಿದ್ದಾನೆ. ನಿಜಕ್ಕೂ ಅಂದನೋ, ತಾನೇ ಅಂದುಕೊಂಡಳೋ ಗೊತ್ತಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಫೋನಿನಲ್ಲಿ ಹೊಸ ವಾಲೆಟ್ ತೆರೆದಳು. ಹಳೆಯದರಲ್ಲಿದ್ದುದನ್ನೆಲ್ಲ ಒಂದೇ ಸಲಕ್ಕೆ ಹೊಸದಕ್ಕೆ ಸಾಗಿಸಿದಳು. ಬೀಗ ಬದಲಾಯಿಸಿದ ಹಾಗಾಯಿತು. ಅಂದು ಸಂಜೆ ಹಗುರಾಗಿ ಬಟ್ಟೆ ಮಡಿಸುತ್ತಿದ್ದಳು. ಮೈದುನ ಬಾಗಿಲಲ್ಲೇ ನಿಂತು ನಕ್ಕ.

"ಏನತ್ತಿಗೆ, ಮನೆ ಬದಲಾಯಿಸಿದ್ರಾ?"

"ಯಾವ ಮನೆ?"

ಅವನು ಫೋನನ್ನು ಅವಳ ಮುಖದ ಮುಂದೆ ಹಿಡಿದ. ಹಳೆಯ ವಿಳಾಸದಿಂದ ಹೊಸ ವಿಳಾಸಕ್ಕೆ ಬಾಣದ ಗುರುತು. ಇಂಥ ದಿನ, ಇಂಥ ಹೊತ್ತು, ಇಷ್ಟು.

"ನೀವೇ ದಾರಿ ತೋರಿಸಿದ್ದೀರಲ್ಲ! ಹಳೇದ್ರಿಂದ ಹೊಸದಕ್ಕೆ ಕಳಿಸಿದ್ರೆ ಹಿಂದೆ ಬರೋನು ಬಾಣ ಹಿಡ್ಕೊಂಡು ಹಿಂದೇನೇ ಬರ್ತಾನೆ. ನಿಮ್ಮ ಹೆಸರು ಅದರಲ್ಲಿ ಇಲ್ಲ, ನಿಜ. ಆದ್ರೆ ಅದು ನಿಮ್ದು ಅಂತ ಒಬ್ಬನಿಗೆ ಗೊತ್ತಾದ್ರೆ ಸಾಕು, ಹಿಂದಿಂದು ಮುಂದಿಂದು ಎಲ್ಲಾ ಬಿಚ್ಚಿಕೊಳ್ಳುತ್ತೆ."

ಕುಸುರಿಗೆ ಅದು ಬೇಗ ಅರ್ಥವಾಯಿತು. ಹೆಣಿಗೆಯ ಕೆಲಸವೂ ಹಾಗೆಯೇ. ಎಷ್ಟು ಹೂವು, ಎಷ್ಟು ಎಲೆ ಕಂಡರೂ ದಾರ ಒಂದೇ; ತುದಿ ಸಿಕ್ಕವನು ಎಳೆದರೆ ಪೂರ್ತಿ ಅವನ ಕೈಗೆ ಬರುತ್ತದೆ. ಮರುಕ್ಷಣ ಇನ್ನೊಂದು ಯೋಚನೆ ಬಂತು. ತನ್ನ ದಾರದ ಇನ್ನೊಂದು ತುದಿ ಎಲ್ಲಿದೆ?

ಮೈದುನ ತೋರಿಸಿದ ಸೈಟಿನಲ್ಲಿ ಅವಳು ಗಿಲಕಿಯ ವಿಳಾಸ ಹಾಕಿದಳು. ಗಿಲಕಿಯಿಂದ ಸಣ್ಣ ಸಣ್ಣ ಮೊತ್ತಗಳು ಹೊರಗೆ ಹೋಗಿದ್ದವು, ಹೆಚ್ಚೂಕಡಿಮೆ ಎಲ್ಲವೂ ಒಂದೇ ಕಡೆಗೆ. ಆ ವಿಳಾಸವನ್ನು ಹುಡುಕಿದರೆ ಒಂದು ಬೇಕರಿಯ ಪುಟ ತೆರೆದುಕೊಂಡಿತು. ಪ್ರವಾಸಿಗರಿಗಾಗಿ ಡಿಜಿಟಲ್ ನಾಣ್ಯವನ್ನೂ ತೆಗೆದುಕೊಳ್ಳುತ್ತೇವೆ ಎಂದು ವಿಳಾಸವನ್ನು ಅಲ್ಲೇ ಅಚ್ಚು ಹಾಕಿದ್ದರು. ಕೆಳಗೆ ದರಪಟ್ಟಿ, ಊರಿನ ಹೆಸರು, ಬೀದಿಯ ನಕ್ಷೆ. ನೀಲಿ ಬಾಗಿಲಿನ ಅಂಗಡಿಯ ಚಿತ್ರ. ಬಾಗಿಲಾಚೆ ಸಮುದ್ರದ ಒಂದು ತುಣುಕು.

ಕುಸುರಿ ಭಯ ಮರೆತು ನೋಡುತ್ತ ಕೂತುಬಿಟ್ಟಳು. ಕೆಳಗಿನ ಅಂಗಡಿಯ ಹಬೆ ಕಿಟಕಿಯಲ್ಲಿ ಬಂದು ಅವಳ ಕೂದಲನ್ನು ಒದ್ದೆ ಮಾಡುತ್ತಿತ್ತು. ಬೆಳಿಗ್ಗೆ ಚಿಲ್ಲರೆ ಮೊತ್ತ, ಅಂದರೆ ಬನ್ನು. ವಾರದ ಕೊನೆಗೆ ಬ್ರೆಡ್ಡು. ನಡುವೆ ಕೆಲವು ದಿನ ಏನೂ ಇಲ್ಲ. ಜ್ವರ ಬಂದಿತ್ತೋ ಏನೋ, ಯಾರು ನೀರು ಕೊಟ್ಟರೋ. ನಾದಿನಿ ನೀಲಿ ಬಾಗಿಲು ತಳ್ಳಿ ಒಳಗೆ ಹೋಗುವುದು, ಬಿಸಿ ಬನ್ನನ್ನು ಕೈಯಿಂದ ಕೈಗೆ ಬದಲಾಯಿಸುತ್ತ ಕಡಲಿನ ಕಡೆ ನಡೆಯುವುದು, ಎಲ್ಲ ಕಣ್ಣಿಗೆ ಕಟ್ಟಿದಂತಾಯಿತು. ಎಷ್ಟೋ ದಿನಗಳ ಮೇಲೆ ಅವಳನ್ನು ಕಂಡಂತಾಗಿ ಕುಸುರಿಗೆ ನಗು ಬಂತು.

ತನಗೆ ಕಂಡದ್ದು ಇನ್ನೊಬ್ಬರಿಗೂ ಕಾಣುತ್ತದೆ ಎಂದು ಆಮೇಲೆ ಹೊಳೆಯಿತು. ದಡಬಡ ಮೆಟ್ಟಿಲಿಳಿದು ಓಡಿದಳು. ಮೈದುನ ಅಂಗಡಿಯಲ್ಲಿ ಒಡೆದ ಫೋನೊಂದರ ಗಾಜು ಬಿಡಿಸುತ್ತಿದ್ದ.

"ನನ್ನ ವಿಳಾಸ ಯಾರಿಗಾದ್ರೂ ತೋರಿಸಿದ್ಯಾ?"

"ಯಾಕತ್ತಿಗೆ, ಏನಾಯ್ತು?"

"ಕೇಳಿದ್ದಕ್ಕೆ ಹೇಳು!"

"ಭಾವ ಬಂದಿದ್ರು. ಇದೆಲ್ಲ ಹೇಗೆ ಕೆಲಸ ಮಾಡುತ್ತೆ ಅಂತ ಕೇಳಿದ್ರು. ಉದಾಹರಣೆಗೆ ಅಂತ ನಿಮ್ದೇ ತೋರಿಸಿದೆ. ಅವರು ಬರ್ಕೊಂಡ್ರು."

"ಬರ್ಕೊಂಡ್ರಾ?"

"ಹ್ಞೂಂ. ಪಾಪ, ಕಲಿಯೋ ಆಸೆ ಅಂದ್ಕೊಂಡೆ."

ಕುಸುರಿ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತು ಎಲ್ಲವನ್ನೂ ಹೇಳಿದಳು. ದುಡ್ಡು ಯಾರಿಗೆ ಹೋಗುತ್ತಿತ್ತು, ತೋಳಿನ ಮೇಲೆ ಏನಿತ್ತು, ಅವಳು ಯಾಕೆ ಹೋದಳು. ಮೈದುನನ ಕೈಯಿಂದ ಚಿಮಟ ಜಾರಿ ಬಿತ್ತು.

"ನಂಗೆ ಅಮ್ಮ ಹೇಳಿದ್ದೇ ಬೇರೆ. ಅವಳೇ ಜಗಳಗಂಟಿ ಅಂತ."

"ನೀನು ಒಂದು ಸಲಾನಾದ್ರೂ ಅವಳನ್ನ ಕೇಳಿದ್ಯಾ?"

ಅವನು ಬಗ್ಗಿ ಚಿಮಟ ಹುಡುಕತೊಡಗಿದ. ಹೊರಗೆ ಗಿರಾಕಿಯೊಬ್ಬ ನಿಂತು ಗಂಟೆ ಬಾರಿಸುತ್ತಲೇ ಇದ್ದ.

ಕುಸುರಿ ಅಲ್ಲಿಂದಲೇ ನಾದಿನಿಗೆ ಬರೆದಳು: "ಆ ಬೇಕರಿಗೆ ಹೋಗಬೇಡ. ನೀನೆಲ್ಲಿದ್ದೀಯ ಅಂತ ಅವನಿಗೆ ತಿಳಿದಿರಬಹುದು. ಊರು ಬಿಡು." ಉತ್ತರ ಬರಲಿಲ್ಲ. ಗಿಲಕಿ ಮೊದಲೇ ಹೇಳಿದ್ದಳು, ಬಲೆಯ ಶೆಡ್ಡಿನಲ್ಲಿ ಸಿಗ್ನಲ್ ಸಿಗುವುದಿಲ್ಲ, ಬೇಕರಿಗೆ ಹೋದಾಗಷ್ಟೇ ಫೋನಿಗೆ ಜೀವ ಬರುತ್ತದೆ ಎಂದು. ಬೇಡ ಎಂದ ಜಾಗಕ್ಕೆ ಹೋದರಷ್ಟೇ ಬೇಡ ಎಂದದ್ದು ತಿಳಿಯಬೇಕು.

ಒಂದು ದಿನ ಕಳೆಯಿತು, ಇನ್ನೊಂದೂ ಕಳೆಯಿತು. ಕುಸುರಿ ಹಾಲು ಉಕ್ಕಿಸಿದಳು, ಬ್ರೆಡ್ಡು ಸೀಯಿಸಿದಳು. ನಮೂನೆ ಬರೆಯುವಾಗ ಲೆಕ್ಕ ತಪ್ಪಿ ಹೂವಿಗೊಂದು ಎಸಳು ಹೆಚ್ಚಾಯಿತು. "ದುಡ್ಡಿದ್ದವರಿಗೆ ಹಾಲು ಉಕ್ಕಿದ್ರೇನು," ಎಂದು ಅತ್ತೆ ಒಲೆ ಒರೆಸಿದರು.

ಮುಂದಿನ ಭಾನುವಾರ ಅಳಿಯ ಸಂಜೆಗೆ ಬದಲು ಊಟದ ಹೊತ್ತಿಗೇ ಬಂದ. ಎಂದಿನಂತೆ ಹಣ್ಣಿನ ಚೀಲ, ಎಂದಿನಂತೆ ನೇರವಾಗಿ ಜೋಡಿಸಿದ ಬೂಟು. ಅತ್ತೆ ಸಂಭ್ರಮದಿಂದ ತಟ್ಟೆ ಹಾಕಿದರು. ಮೈದುನ ತಲೆ ತಗ್ಗಿಸಿ ಕೂತಿದ್ದ. ಕುಸುರಿ ಗೋಡೆಗೆ ಒರಗಿ ನಿಂತಳು.

"ಅತ್ತೆ, ಸಂತೋಷದ ಸುದ್ದಿ," ಎಂದ ಅಳಿಯ. "ಅವಳು ಸಿಕ್ಕಿದ್ಲು."

ಅತ್ತೆಯ ಕೈ ಎದೆಗೆ ಹೋಯಿತು. "ಎಲ್ಲಿ? ಎಲ್ಲಿದ್ದಾಳೆ ನನ್ನ ಮಗಳು?"

"ಕಡಲ ಕಡೆ ಒಂದೂರಲ್ಲಿ. ಈ ತಂಗಿಯ ದಯೆ," ಎಂದು ಕುಸುರಿಯ ಕಡೆ ನೋಡಿ ಸಣ್ಣಗೆ ನಕ್ಕ. "ದಾರ, ದಾರ ಅಂತ ತಿಂಗಳಾ ತಿಂಗಳಾ ಇವರು ಕಳಿಸ್ತಿದ್ದದ್ದು ಅವಳಿಗೇ."

ಅತ್ತೆ ತಿರುಗಿದರು. "ನಿಂಗೆ ಗೊತ್ತಿತ್ತಾ? ಗೊತ್ತಿದ್ದೂ ನನ್ನ ಮುಂದೆ ಕೂತು ಅನ್ನ ತಿಂತಿದ್ಯಾ?"

"ಗೊತ್ತಿತ್ತು ಅತ್ತೆ."

"ಹೆತ್ತವಳಿಗೆ ಹೇಳ್ಬೇಕು ಅನ್ನಿಸ್ಲಿಲ್ವಾ?"

"ಹೆತ್ತವಳಿಗೆ ಅವಳೇ ಹೇಳಿದ್ಲು. ತೋಳು ತೋರಿಸಿ ಹೇಳಿದ್ಲು."

"ಬಿಡಿ ಅತ್ತೆ, ಈಗ ಜಗಳ ಯಾಕೆ," ಎಂದು ಅಳಿಯ ಫೋನು ತೆಗೆದು ಮೇಜಿನ ಮೇಲಿಟ್ಟ. ಅವನ ದನಿ ಹತ್ತಿಯಷ್ಟು ಮೆತ್ತಗಿತ್ತು. "ಇಲ್ಲಿ ನೋಡಿ. ಸೋಮವಾರ ಬಿಟ್ಟು ದಿನಾ ಬೆಳಗ್ಗೆ ಒಂದು ಬನ್ನು. ವಾರದ ಕೊನೆಗೆ ಬ್ರೆಡ್ಡು. ಇಲ್ಲಿ ನಾಲ್ಕೈದು ದಿನ ಏನೂ ಇಲ್ಲ, ಹಾಸಿಗೆ ಹಿಡಿದಿರಬೇಕು. ಇಲ್ಲಿ ಎರಡು ಬನ್ನು. ಒಬ್ಬಳಿಗೆ ಎರಡು ಯಾಕೆ? ಯಾರ ಜೊತೆ ತಿಂದ್ಲು? ಅದನ್ನ ಕೇಳ್ಬೇಕು."

ಅತ್ತೆ ಫೋನನ್ನೇ ನೋಡುತ್ತಿದ್ದರು. ಆ ಅಂಕಿಗಳ ಸಾಲು ಅವರಿಗೆ ಅರ್ಥವಾಗುವುದು ಅಷ್ಟಕ್ಕಷ್ಟೆ. ಆದರೂ ಮಗಳ ಮುಖ ಅದರಲ್ಲೆಲ್ಲೋ ಇದ್ದೀತು ಎಂಬಂತೆ ಬಾಗಿದರು.

"ಇದು ದೊಡ್ಡ ಮೊತ್ತ," ಅಳಿಯ ಬೆರಳಿಟ್ಟ. "ಅಂಗಡಿಯ ದರಪಟ್ಟಿ ನೋಡಿದೆ. ಅಷ್ಟು ಬೆಲೆ ಇರೋದು ಒಂದೇ ಒಂದಕ್ಕೆ, ಕೆನೆ ಹಚ್ಚಿದ ಕೇಕು."

"ಕೇಕ್ ತಿಂದ್ಲಾ?" ಎಂದರು ಅತ್ತೆ. "ಯಾವತ್ತು?"

ಅವನು ತಾರೀಕು ಓದಿದ.

ಕೋಣೆಯಲ್ಲಿ ಹಬೆ ತುಂಬಿತ್ತು. ಆ ಮುಸುಕಿನೊಳಗೆ ಅತ್ತೆಯ ಮುಖ ಒಂದು ಗಳಿಗೆ ಚಿಕ್ಕ ಹುಡುಗಿಯ ಮುಖದಂತೆ ಕಂಡಿತು.

"ಅವತ್ತು ಅವಳು ಹುಟ್ಟಿದ ದಿನ."

"ಇರಬಹುದು."

"ಒಬ್ಬಳೇ ಕೂತು ತಿಂದಿರ್ತಾಳೆ."

"ತಿಂದಿರ್ತಾಳೆ. ನನ್ನನ್ನ ಬೀದೀಲಿ ನಗೆಪಾಟಲು ಮಾಡಿ ಅಲ್ಲಿ ಕೂತು ಕೇಕ್ ತಿಂತಾಳೆ." ದನಿ ಈಗಲೂ ಏರಲಿಲ್ಲ. "ನಾಳೆ ಬೆಳಗ್ಗೆ ಬಸ್ಸಿಗೆ ಹೊರಡ್ತೀನಿ. ಕರ್ಕೊಂಡು ಬಂದ್ಮೇಲೆ ಒಂದು ತಿಂಗಳು ಸಿಹಿ ಅಂದ್ರೆ ಏನು ಅಂತ ಅವಳಿಗೆ ಮರೆಸ್ತೀನಿ. ಆಮೇಲೆ ತಾನೇ ಸರಿ ಹೋಗ್ತಾಳೆ. ಮುಂಚೇನೂ ಹೋಗ್ತಿದ್ಲು."

ಅವನು ಮತ್ತೆ ತುತ್ತು ಕಲೆಸತೊಡಗಿದ.

ಅತ್ತೆ ಎದ್ದರು. ಮೇಜು ಸುತ್ತಿ ಬಂದು ಅವನ ಮುಂದಿನ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ತಟ್ಟೆಯಲ್ಲಿ ಇನ್ನೂ ಅರ್ಧ ಅನ್ನವಿತ್ತು, ಮೀನಿನ ತುಂಡು ಮುಟ್ಟದೆ ಹಾಗೇ ಇತ್ತು.

"ಅತ್ತೇ, ಇನ್ನೂ ಊಟ..."

"ಆಯ್ತು ನಿಮ್ಮ ಊಟ. ಏಳಿ."

"ನಾನು ನಿಮ್ಮ ಮಗಳನ್ನ ಮನೆಗೆ ಕರ್ಕೊಂಡು ಬರೋ ಮಾತಾಡ್ತಾ ಇದ್ದೀನಿ."

"ಆಸ್ಪತ್ರೇಲಿ ಅಷ್ಟು ವರ್ಷ ಬಡಿಸಿದ್ದೀನಿ. ಸಾಯೋರು ಎಷ್ಟು ತುತ್ತು ತಿಂದ್ರು ಅಂತ ನಾವೂ ಬರೀತಿದ್ವಿ, ಇನ್ನೊಂದು ತುತ್ತು ತಿನ್ನಲಿ ಅಂತ ಬರೀತಿದ್ವಿ." ಅತ್ತೆ ತಟ್ಟೆಯನ್ನು ಆಚೆ ಇಟ್ಟರು. "ತಿಂದದ್ದು ಹೆಚ್ಚಾಯ್ತು ಅಂತ ಬರ್ಕೊಳ್ಳೋ ಮನುಷ್ಯನ್ನ ಇವತ್ತೇ ನೋಡಿದ್ದು. ಏಳಿ ಮೇಲೆ."

ಊಟಕ್ಕೆ ಕೂತಿದ್ದ ಗಂಡ ಎದ್ದು ಹೋಗಿ ಬಾಗಿಲು ತೆಗೆದು ಹಿಡಿದುಕೊಂಡ. ಅಳಿಯ ಕರ್ಚೀಫಿನಲ್ಲಿ ಕೈ ಒರೆಸಿಕೊಂಡ, ಬೂಟು ಹಾಕಿಕೊಂಡ, ಲೇಸು ಕಟ್ಟಿದ. "ನಾಳೆ ಬೆಳಗ್ಗೆ ಬಸ್ಸಿದೆ," ಎಂದು ಮತ್ತೊಮ್ಮೆ ಹೇಳಿ ಮೆಟ್ಟಿಲಿಳಿದ.

ಬಾಗಿಲು ಹಾಕಿದ ಮೇಲೆ ಕುಸುರಿ ಗಂಡನಿಗೆ ಮೆಲ್ಲಗೆ ಹೇಳಿದಳು, "ನಿಮಗೆ ಹೇಳ್ಬೇಕಾಗಿತ್ತು ರೀ. ಹೇಳ್ಲಿಲ್ಲ."

"ನಂಗೆ ಗೊತ್ತಿತ್ತು."

"ಹೇಗೆ?"

"ಅಷ್ಟು ದುಡ್ಡಿಗೆ ದಾರ ತಂದಿದ್ರೆ ಇಷ್ಟೊತ್ತಿಗೆ ನನ್ನ ಬಸ್ಸಿಗೇ ಸ್ವೆಟರ್ ಹೆಣೆದಿರ್ತಿದ್ದೆ ನೀನು. ತಂಗಿಗೆ ಹೋಗ್ತಿದೆ ಅಂತ ಅಂದ್ಕೊಂಡೆ. ಕೇಳಿದ್ರೆ ನೀನು ಹೇಳ್ಬೇಕಾಗುತ್ತೆ, ಹೇಳಿದ್ರೆ ನಾನು ಅಮ್ಮನ ಮುಂದೆ ಮುಚ್ಚಿಡ್ಬೇಕಾಗುತ್ತೆ. ಅದಕ್ಕೇ ಕೇಳ್ಲಿಲ್ಲ."

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದಿಂದ ಗಂಡನ ಫೋನ್ ಬಂತು. "ಹತ್ತಿದ. ಕಣ್ಣಾರೆ ನೋಡ್ದೆ. ಅವಳಿಂದ ಏನಾದ್ರೂ ಬಂತಾ?"

"ಇಲ್ಲ ರೀ."

ಅತ್ತೆ ಒಲೆ ಹಚ್ಚಲಿಲ್ಲ. ಕುಸುರಿಯ ಪಕ್ಕದಲ್ಲಿ ನೆಲದ ಮೇಲೆ ಕೂತು, ಅವಳ ಕೈಯಲ್ಲಿದ್ದ ಫೋನನ್ನೇ ನೋಡುತ್ತಿದ್ದರು. ಮೈದುನ ಕೆಲಸಕ್ಕೆ ಹೋಗದೆ ಬೇಕರಿಯ ನಂಬರಿಗೆ ಮತ್ತೆ ಮತ್ತೆ ಫೋನ್ ಮಾಡಿದ; ಸೋಮವಾರ ಅದಕ್ಕೆ ರಜೆ. ಹಬೆ ಬಂದು ಮೂವರನ್ನೂ ಸುತ್ತಿಕೊಂಡು ನಿಂತಿತು. ಒಂದು ದೊಡ್ಡ ಹಡಗು ಮಂಜಿನಲ್ಲಿ ನಿಂತುಬಿಟ್ಟಿದೆ, ತಾವೆಲ್ಲ ಅದರೊಳಗಿದ್ದೇವೆ, ಹೊರಗೆ ಯಾವ ಊರಿದೆಯೋ ಗೊತ್ತಿಲ್ಲ ಎನ್ನಿಸುತ್ತಿತ್ತು ಕುಸುರಿಗೆ. ಅತ್ತೆ ಇದ್ದಕ್ಕಿದ್ದಂತೆ, "ಚಿಕ್ಕೋಳಿದ್ದಾಗ ಅವಳಿಗೆ ಬನ್ನಿನ ಮೇಲಿನ ಪದರ ಮಾತ್ರ ಬೇಕಿತ್ತು. ಒಳಗಿಂದು ನಂಗೆ ಕೊಡ್ತಿದ್ಲು," ಎಂದರು.

ಸಂದೇಶ ಬಂದದ್ದು ಮಧ್ಯಾಹ್ನ ಇಳಿದ ಮೇಲೆ.

"ಎರಡು ದಿನ ಶೆಡ್ಡಿನಲ್ಲೇ ಕೆಲಸ ಇತ್ತು, ಶನಿವಾರ ಬೇಕರಿಗೆ ಹೋದಾಗ ಓದಿದೆ ಅತ್ತಿಗೆ. ಬನ್ನನ್ನು ಅಲ್ಲೇ ಬಿಟ್ಟು ಬಂದೆ. ಬಲೆಯ ಶೆಡ್ಡಿನ ಅಜ್ಜಿ ತನ್ನ ತಂಗಿಯ ಊರಿಗೆ ದೋಣಿ ಹತ್ತಿಸಿ ಕಳಿಸಿದಳು. ಇಲ್ಲಿ ಸಮುದ್ರ ಇಲ್ಲ, ನದಿ ಇದೆ. ಕೆಲಸ ಇನ್ನೂ ಸಿಕ್ಕಿಲ್ಲ. ಅಮ್ಮನಿಗೆ ಹೇಳಬೇಡ."

ಕೊನೆಯ ಸಾಲನ್ನೂ ಕುಸುರಿ ಗಟ್ಟಿಯಾಗಿ ಓದಿಬಿಟ್ಟಿದ್ದಳು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು ಅಡುಗೆಮನೆಗೆ ಹೋದರು. ಒಳಗೆ ಪಾತ್ರೆ ತೊಳೆಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ತೊಳೆಯಬೇಕಾದ ಪಾತ್ರೆ ಅಲ್ಲಿ ಒಂದೂ ಇರಲಿಲ್ಲ.

ಅಳಿಯ ವಾರದೊಳಗೆ ಬರಿಗೈಯಲ್ಲಿ ವಾಪಸ್ಸಾದ. ಅಂಗಡಿಯಲ್ಲಿ ಕೂತು ಯಾರದೋ ಕಣ್ಣಿಗೆ ಗಾಜು ಅಳೆಯುತ್ತಿದ್ದುದನ್ನು ಮೈದುನ ರಸ್ತೆಯಾಚೆಯಿಂದ ನೋಡಿಬಂದ. ಅವನು ಹಣ್ಣಿನ ಚೀಲ ಹಿಡಿದು ಮತ್ತೆ ಬರಲಿಲ್ಲ. ಆದರೆ ಹುಡುಕುವುದನ್ನು ಬಿಟ್ಟಿರುತ್ತಾನೆ ಎಂದು ಮನೆಯಲ್ಲಿ ಯಾರಿಗೂ ನಂಬಿಕೆಯಿರಲಿಲ್ಲ.

ಮೈದುನ ಸ್ಕೂಟರಿನ ಮಾತೆತ್ತಲಿಲ್ಲ. ಸಂಜೆ ಕೆಲಸ ಮುಗಿಸಿ ಬಂದು ಅತ್ತಿಗೆಯ ಎದುರು ಕೂರುತ್ತಿದ್ದ. ತಪ್ಪಾಯ್ತು ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ, ಅವಳು ಕೇಳಲೂ ಇಲ್ಲ.

"ಆದದ್ದನ್ನ ಅಳಿಸಕ್ಕಾಗಲ್ಲ ಅತ್ತಿಗೆ. ಹಳೇ ವಿಳಾಸದ್ದು, ಆಮೇಲೆ ಸಾಗಿಸಿದ್ರಲ್ಲ ಅದರದ್ದು, ಎರಡರ ಕಥೇನೂ ಇನ್ನು ಯಾವತ್ತೂ ಹಾಗೇ ಇರುತ್ತೆ. ಅವುಗಳಲ್ಲಿರೋದನ್ನ ಮಾರಿ ಬ್ಯಾಂಕಿಗೆ ಹಾಕಿ, ಚಾವಣಿ ಮಾಡಿಸಿ. ನೋಡೋರು ನೋಡ್ಲಿ."

"ಇನ್ನೊಂದು ಹೊಸದು ಮಾಡಿದ್ರೆ?"

"ಹೊಸದಕ್ಕೆ ಆ ಎರಡರಿಂದ್ಲೂ ಒಂದು ಕಾಸೂ ಹೋಗಬಾರದು. ಒಬ್ಬೊಬ್ಬ ಗಿರಾಕಿಗೂ ಬೇರೆ ಬೇರೆ ವಿಳಾಸ ಕೊಡಿ, ವಾಲೆಟ್ಟೇ ಮಾಡಿಕೊಡುತ್ತೆ. ಯಾವುದನ್ನೂ ಪುಟದಲ್ಲಿ ಹಾಕ್ಬೇಡಿ. ಎಲ್ಲಾನೂ ಒಟ್ಟುಗೂಡಿಸಿ ಒಂದೇ ಸಲ ಕಳಿಸ್ಲೂಬೇಡಿ, ಕೂಡಿಸಿದ ತಕ್ಷಣ ಎಲ್ಲಾ ಒಬ್ಬರದ್ದೇ ಅಂತ ಗೊತ್ತಾಗುತ್ತೆ."

"ಹಳೇ ವಿಳಾಸ ಮುಚ್ಚಿಬಿಡ್ಲಾ?"

ಅವನು ಯೋಚಿಸಿದ. "ಬೇಡ. ಒಮ್ಮೆಗೇ ನಿಂತ್ರೆ ಭಾವನಿಗೆ ಅನುಮಾನ ಬರುತ್ತೆ. ಸಣ್ಣಪುಟ್ಟದ್ದು ಅಲ್ಲಿಗೇ ಬರ್ತಾ ಇರ್ಲಿ. ಅದರಿಂದ ನಿಜವಾಗ್ಲೂ ದಾರ ತರಿಸಿ."

ಗಿಲಕಿಯ ಪಾಲನ್ನು ಕುಸುರಿ ತನ್ನ ಕೈಯಿಂದ ಕಳಿಸುವುದನ್ನೇ ಬಿಟ್ಟಳು. ಬಹಳ ದಿನದ ಗಿರಾಕಿಯೊಬ್ಬಳಿದ್ದಳು, ಮೊಮ್ಮಕ್ಕಳಿಗೆ ಹಾಸಿಗೆ ಹೊದಿಕೆ ಹೆಣೆಯುವ ಮುದುಕಿ. ಈ ಸಲದ ದುಡ್ಡು ನನಗೆ ಬೇಡ, ಈ ವಿಳಾಸಕ್ಕೆ ಹಾಕಿ ಎಂದು ಗಿಲಕಿಯ ಹೊಸ ವಿಳಾಸವನ್ನು ಅವಳಿಗೆ ಬರೆದಳು. ಮುದುಕಿ ಯಾಕೆಂದು ಕೇಳಲಿಲ್ಲ. ಹೂವಿನ ಎಸಳು ಒಂದು ಹೆಚ್ಚಾಗಿದೆಯಲ್ಲ, ಅದೇ ಚೆಂದ, ಹಾಗೇ ಬಿಡು ಎಂದಷ್ಟೇ ಬರೆದಳು. ಗಿಲಕಿಯೂ ಕಲಿತಳು. ಅಂಗಡಿಗೆ ನೇರವಾಗಿ ಕೊಡದೆ, ಜೊತೆ ಕೆಲಸದವಳೊಬ್ಬಳಿಗೆ ಡಿಜಿಟಲ್ ನಾಣ್ಯ ಕೊಟ್ಟು ನೋಟು ತೆಗೆದುಕೊಂಡು, ನೋಟಿನಲ್ಲೇ ಖರ್ಚು ಮಾಡತೊಡಗಿದಳು. ನದಿಯ ಊರಿನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಏನು ಕೆಲಸವೆಂದು ಬರೆಯಲಿಲ್ಲ. ಕುಸುರಿಯೂ ಕೇಳಲಿಲ್ಲ.

ಚಾವಣಿಯ ಕೆಲಸ ಮುಗಿದ ದಿನ ಅತ್ತೆ ಸೊಪ್ಪು ಹೆಚ್ಚುತ್ತ ಕೂತಿದ್ದರು. ಕುಸುರಿ ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದಳು. ಮೇಲೆ ಹೊಸ ಹಲಗೆಗಳ ವಾಸನೆ, ಕೆಳಗಿನಿಂದ ಬರುವ ಹಬೆಯೊಂದಿಗೆ ಬೆರೆತಿತ್ತು.

"ಈಗ ಯಾವೂರಲ್ಲಿದ್ದಾಳೆ ಅಂತ ನಿಂಗೆ ಗೊತ್ತಲ್ವಾ?" ಎಂದರು ಅತ್ತೆ, ತಲೆಯೆತ್ತದೆ.

"ಗೊತ್ತು ಅತ್ತೆ. ಹೇಳ್ಲಾ?"

ಅತ್ತೆಯ ಕತ್ತಿ ನಿಂತಿತು. ಹೊರಗೆ ಯಾರೋ ಕಂಬಳಿ ಕೊಡವುತ್ತಿದ್ದರು. ಕುಸುರಿ ಕಾದಳು.

"ಬೇಡ," ಎಂದರು ಕೊನೆಗೆ. "ಅವನು ಮತ್ತೆ ಬಂದು ಎದುರಿಗೆ ಕೂತು ಎರಡು ಮಾತು ಸಿಹಿಯಾಗಿ ಆಡಿದ್ರೆ... ನನ್ನ ಬಾಯಿ ನಂಗೇ ಗೊತ್ತು. ಹೇಳ್ಬೇಡ. ನಾನು ಅತ್ತು ಕೇಳಿದ್ರೂ ಹೇಳ್ಬೇಡ."

"ಆಗ್ಲಿ ಅತ್ತೆ."

ಕತ್ತಿ ಮತ್ತೆ ಆಡಿತು. ಸ್ವಲ್ಪ ಹೊತ್ತಿನ ಮೇಲೆ, "ಊಟ ಮಾತ್ರ ಸರಿಯಾಗಿ ಮಾಡ್ತಾಳಾ? ಅಷ್ಟಾದ್ರೂ ನೋಡಿ ಹೇಳು," ಎಂದರು.

"ಅದೂ ಈಗ ಕಾಣಲ್ಲ ಅತ್ತೆ."

"ನಿಂಗೂ ಕಾಣಲ್ವಾ?"

"ಯಾರಿಗೂ ಕಾಣಲ್ಲ."

ಅತ್ತೆ ಹೆಚ್ಚಿದ ಸೊಪ್ಪನ್ನು ಎರಡೂ ಕೈಯಲ್ಲಿ ಬಾಚಿ ಪಾತ್ರೆಗೆ ಹಾಕಿದರು.

"ಹಾಗಾದ್ರೆ ತಿಂತಾ ಇರ್ತಾಳೆ ಬಿಡು," ಎಂದರು.